ಅಂಗಳದ ಚಿಟಿಕೆ, ಅಡುಗೆಯ ಚಿಟಿಕೆ

ಬೆಳಗಿನ ಆರಕ್ಕೆ ಶಕ್ತಿನಗರದ ಕ್ವಾರ್ಟರ್ಸ್ ಸಾಲಿನಲ್ಲಿ ನಡೆದರೆ ಮೊದಲು ಕಿವಿಗೆ ಬೀಳುವುದು ಕಸಬರಿಗೆಯ ಸದ್ದು. ಕಸ ಹೊಡೆದಾದ ಮೇಲೆ ನೀರು ಚಿಮುಕಿಸಿ ಥಳಿ ಹಾಕುತ್ತಾರೆ. ಬಿಸಿಲೂರಿನ ಮಣ್ಣು ಆ ನೀರನ್ನು ಗಟಗಟನೆ ಕುಡಿದುಬಿಡುತ್ತದೆ. ನೆಲದ ಹಸಿ ಆರುವ ಮುಂಚೆಯೇ ಹೆಣ್ಣುಮಗಳೊಬ್ಬಳು ಸೆರಗು ಸಿಕ್ಕಿಸಿಕೊಂಡು ಬಗ್ಗುತ್ತಾಳೆ. ಎಡಗೈಯಲ್ಲಿ ರಂಗೋಲಿ ಬಟ್ಟಲು, ಬಲಗೈಯ ಹೆಬ್ಬೆರಳು ತೋರುಬೆರಳ ನಡುವೆ ಒಂದು ಚಿಟಿಕೆ ಪುಡಿ. ಮೊದಲು ನಡುವಿನ ಸಾಲಿಗೆ ಏಳು ಚುಕ್ಕಿ. ಅದರ ಮೇಲೊಂದು ಕೆಳಗೊಂದು ಸಾಲು, ಸಂದಿನಲ್ಲಿ ಕೂರುವಂತೆ ಆರು. ಆಮೇಲೆ ಐದು, ಕೊನೆಗೆ ನಾಲ್ಕು. ರಂಗೋಲಿ ಪುಸ್ತಕದ ಭಾಷೆಯಲ್ಲಿ ಇದು ‘7ರಿಂದ 4, ಸಂದು ಚುಕ್ಕಿ’. ಒಟ್ಟು 37 ಚುಕ್ಕಿ. ಅಳತೆಪಟ್ಟಿಯಿಲ್ಲ, ದಾರವಿಲ್ಲ. ಆದರೂ ಎರಡು ಚುಕ್ಕಿಗಳ ನಡುವಿನ ಅಂತರ ಒಂದಿಷ್ಟೂ ಹೆಚ್ಚುಕಡಿಮೆಯಾಗುವುದಿಲ್ಲ.

ಆಮೇಲೆ ಎಳೆ ಬರುತ್ತದೆ. ಬೆರಳು ಬಿಗಿ ಹಿಡಿದರೆ ಗೆರೆ ಸಣ್ಣ, ಸಡಿಲಿಸಿದರೆ ದಪ್ಪ. ಕೈ ನಿಧಾನಿಸಿದರೆ ಪುಡಿ ಗುಡ್ಡೆಯಾಗುತ್ತದೆ, ಅವಸರಿಸಿದರೆ ಗೆರೆ ಹರಿಯುತ್ತದೆ. ಹತ್ತು ನಿಮಿಷದಲ್ಲಿ ಆರು ಎಸಳಿನ ಹೂವೊಂದು ಅಂಗಳದಲ್ಲಿ ಅರಳಿ ಕೂತಿರುತ್ತದೆ. ಅವಳು ಅದನ್ನು ನೋಡುತ್ತ ನಿಲ್ಲುವುದಿಲ್ಲ. ಒಳಗೆ ಒಲೆ ಕಾಯುತ್ತಿದೆ. ಅದೇ ಎರಡು ಬೆರಳು ಈಗ ಇಂಗು ಎತ್ತುತ್ತವೆ, ಉಪ್ಪು ಉದುರಿಸುತ್ತವೆ, ಗಂಡ ಮಕ್ಕಳ ತಾಟಿನ ಅಂಚಿಗೆ ಶೇಂಗಾ ಹಿಂಡಿ ಹಾಕುತ್ತವೆ. ಅಂಗಳದ ಚಿಟಿಕೆ, ಅಡುಗೆಯ ಚಿಟಿಕೆ ಎರಡೂ ಒಂದೇ ಕೈಯ ಅಳತೆ.

ಈ ಮಾತನ್ನು ಇವತ್ತು ಹೇಳುವುದಕ್ಕೆ ಕಾರಣವಿದೆ. ನೆಲದ ರಂಗೋಲಿ ಈಗ ದೊಡ್ಡ ಹೋಟೆಲುಗಳ ಗೋಡೆ ಏರಿದೆ. ಅಬುಧಾಬಿಯ ಯಾಸ್ ದ್ವೀಪದ ಹೋಟೆಲೊಂದರಲ್ಲಿ ಭಾರತೀಯ ಊಟದ ರೆಸ್ಟೊರೆಂಟಿನ ಹೆಸರೇ ‘ರಂಗೋಲಿ’. ನಮ್ಮ ನಗರಗಳ ಐಷಾರಾಮಿ ಊಟದ ಮನೆಗಳಲ್ಲೂ ಚುಕ್ಕಿ, ಎಳೆ, ತಾವರೆಗಳು ದೀಪದ ಜಾಲರಿಯಾಗಿ, ಮೆನು ಕಾರ್ಡಿನ ಅಂಚಾಗಿ, ತಟ್ಟೆಯ ಮೇಲಿನ ಮುದ್ರೆಯಾಗಿ ಕಾಣಿಸಿಕೊಳ್ಳುತ್ತಿವೆ. ಇದು ಸಂತೋಷದ ಸಂಗತಿ. ಆದರೆ ರಂಗೋಲಿಗೂ ಊಟಕ್ಕೂ ಇರುವ ನಂಟು ಅಲಂಕಾರದ್ದಷ್ಟೇ ಅಲ್ಲ, ಅದಕ್ಕಿಂತ ಬಹಳ ಹಳೆಯದು, ಬಹಳ ಆಳದ್ದು. ಆ ನಂಟು ತಿಳಿಯದೆ ಚಿತ್ರವನ್ನಷ್ಟೇ ಎತ್ತಿಕೊಂಡು ಹೋದರೆ ಕೈಗೆ ಸಿಗುವುದು ಬರೀ ಪುಡಿ.

ದೊಡ್ಡ ಒಲೆಯ ಊರು

ಶಕ್ತಿನಗರವೆಂದರೆ ರಾಜ್ಯದ ದೊಡ್ಡ ಒಲೆ. ರಾಯಚೂರಿನಿಂದ ಹೈದರಾಬಾದ್ ಕಡೆ ಹೋಗುವ ದಾರಿಯಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ, ದೇವಸೂಗೂರಿನ ಪಕ್ಕದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಮೊದಲ ಘಟಕ ಉರಿಯತೊಡಗಿದ್ದು 1985ರಲ್ಲಿ. ಈಗ ತಲಾ 210 ಮೆಗಾವಾಟ್‌ನ ಏಳು ಘಟಕ, 250 ಮೆಗಾವಾಟ್‌ನ ಒಂದು, ಒಟ್ಟು 1720 ಮೆಗಾವಾಟ್. ಕಲ್ಲಿದ್ದಲು ಹೊತ್ತ ರೈಲುಗಳು ಬರುತ್ತವೆ, ಕೃಷ್ಣೆಯ ನೀರು ಉಗಿಯಾಗುತ್ತದೆ, ನೂರಾರು ಮೈಲಿ ದೂರದ ಮನೆಗಳಲ್ಲಿ ದೀಪ ಹತ್ತುತ್ತದೆ.

ಇಂಥ ಊರಿಗೆ ಕೆಲಸ ಹುಡುಕಿಕೊಂಡು ರಾಜ್ಯದ ಎಲ್ಲ ದಿಕ್ಕಿನಿಂದ ಜನ ಬಂದರು. ಮೈಸೂರು ಕಡೆಯವರು ತಮ್ಮ ಚುಕ್ಕಿ ರಂಗೋಲಿ ತಂದರು. ನದಿ ದಾಟಿದರೆ ತೆಲುಗು ನಾಡು, ಅಲ್ಲಿಂದ ಸಂಕ್ರಾಂತಿಯ ದೊಡ್ಡ ದೊಡ್ಡ ‘ಮುಗ್ಗು’ ಬಂತು. ಬೀದರ್, ಕಲಬುರಗಿ ಕಡೆಯಿಂದ ಮರಾಠಿ ನೆರೆಯ ಬಣ್ಣ ತುಂಬುವ ಪದ್ಧತಿ ಬಂತು. ಹೀಗೆ ಬೇರೆ ಬೇರೆ ಕಡೆಯವರು ಕೂಡಿ ಬಾಳುವ ಒಂದು ಓಣಿಯಲ್ಲಿ ಹತ್ತು ಮನೆಯ ಅಂಗಳ ನೋಡಿದರೆ ಹತ್ತು ತವರುಮನೆಗಳನ್ನು ನೋಡಿದಂತೆ.

ಈ ಸೀಮೆಯ ಹಳ್ಳಿಮನೆಗಳಲ್ಲಿ ರಂಗೋಲಿ ಬೀಳುವ ಜಾಗಗಳನ್ನು ಎಣಿಸಿ. ಅಂಗಳ, ಹೊಸ್ತಿಲು, ತುಳಸಿಕಟ್ಟೆ, ದೇವರ ಜಗಲಿ, ಕೊನೆಗೆ ಒಲೆ. ಸೆಗಣಿಯಿಂದ ಒಲೆ ಸಾರಿಸಿ, ಅದರ ಮೇಲೆ ಎರಡು ಎಳೆ ರಂಗೋಲಿ ಎಳೆದ ಮೇಲೆಯೇ ಬೆಂಕಿ ಹಚ್ಚುವುದು ಹಳೆಯ ರೂಢಿ. ಬೀದಿಯಿಂದ ಒಲೆಯವರೆಗೆ ಗೆರೆಯೊಂದು ಅತಿಥಿಯನ್ನು ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಗ್ಯಾಸ್ ಸ್ಟೌ ಬಂದ ಮೇಲೂ ಅದರ ಕಟ್ಟೆಯ ಮೇಲೆ ಹಬ್ಬದ ದಿನ ಪುಟ್ಟ ರಂಗೋಲಿ ಹಾಕುವವರಿದ್ದಾರೆ.

ರಂಗೋಲಿ ಏನು ಹೇಳುತ್ತದೆ ಎಂಬುದು ಅದು ಇಲ್ಲದ ದಿನ ಸರಿಯಾಗಿ ತಿಳಿಯುತ್ತದೆ. ಸೂತಕದ ಮನೆಯ ಮುಂದೆ ರಂಗೋಲಿ ಇರುವುದಿಲ್ಲ. ಶ್ರಾದ್ಧದ ದಿನವೂ ಹಾಕುವುದಿಲ್ಲ. ಯಾವುದೋ ಒಂದು ಬೆಳಿಗ್ಗೆ ಅಂಗಳ ಬೋಳಾಗಿದ್ದರೆ ಎದುರು ಮನೆಯಾಕೆ ಬಂದು, ‘ಯಾಕ್ರೀ ಅಕ್ಕಾ, ರಂಗೋಲಿ ಹಾಕಿಲ್ಲ, ಆರಾಮ ಇದ್ದೀರಿಲ್ಲೋ?’ ಎಂದು ಕೇಳಿಯೇ ಕೇಳುತ್ತಾಳೆ. ಅಂದರೆ ಅಂಗಳದ ರಂಗೋಲಿ ಓಣಿಗೆ ಮನೆ ಹೇಳುವ ಮಾತು: ಇಲ್ಲಿ ಎಲ್ಲರೂ ಎದ್ದಿದ್ದಾರೆ, ಒಲೆ ಹತ್ತಿದೆ, ಬಂದವರಿಗೆ ಊಟವಿದೆ. ಹೋಟೆಲಿನ ಬಾಗಿಲಿಗೆ ತೂಗುವ ‘ತೆರೆದಿದೆ’ ಎಂಬ ಫಲಕದ ಕೆಲಸವನ್ನು ನಮ್ಮ ಮನೆಗಳಲ್ಲಿ ಮೊದಲಿನಿಂದ ರಂಗೋಲಿ ಮಾಡಿಕೊಂಡು ಬಂದಿದೆ.

ಎಲೆಯ ಸುತ್ತಲಿನ ಗೆರೆ

ಹಬ್ಬ, ಮದುವೆ, ಮಠಗಳ ಪಂಕ್ತಿಗಳಲ್ಲಿ ನೆಲದ ಮೇಲೆ ಸಾಲಾಗಿ ಕೂತು ಉಂಡವರಿಗೆ ಈ ದೃಶ್ಯ ಹೊಸದಲ್ಲ. ಎಲೆ ಇಡುವ ಜಾಗಕ್ಕೆ ನೀರು ಚಿಮುಕಿಸಿ, ಒರೆಸಿ, ಸುತ್ತ ರಂಗೋಲಿ ಎಳೆಯುತ್ತಾರೆ. ಎದುರಿಗೆ ಎರಡು ಎಳೆ, ಮೂಲೆಗಳಲ್ಲಿ ಪುಟ್ಟ ತಾವರೆ. ಹೊಸ ಅಳಿಯನ ಎಲೆಯಾದರೆ ಇನ್ನೂ ಒಂದು ಸುತ್ತು ಬಳ್ಳಿ. ಕೂತವನು ಬಡಿಸಿದ್ದನ್ನು ಉಣ್ಣುವ ಮೊದಲು ಅಂಗೈಯಲ್ಲಿ ನೀರು ಹಿಡಿದು ಎಲೆಯ ಸುತ್ತ ಇನ್ನೊಂದು ಗೆರೆ ಎಳೆಯುತ್ತಾನೆ. ಇದು ಪರಿಷೇಚನೆ. ಹೊರಗೆ ಪುಡಿಯ ಗೆರೆ, ಒಳಗೆ ನೀರಿನ ಗೆರೆ, ನಡುವೆ ಅನ್ನ. ಆಮೇಲೆ ಎಲೆಯ ಬಲಕ್ಕೆ ನೆಲದ ಮೇಲೆ ನಾಲ್ಕಾರು ಅಗುಳು ಇಡುತ್ತಾರೆ. ಅದರ ಹೆಸರು ಚಿತ್ರಾಹುತಿ. ಆಹುತಿಯ ಹೆಸರಿನಲ್ಲೂ ಚಿತ್ರ ಬಂದು ಕೂತಿದೆ.

ಎಲೆಯ ಒಳಗಿನ ವ್ಯವಸ್ಥೆಯೂ ಒಂದು ರಂಗೋಲಿಯೇ. ತುದಿ ಎಡಕ್ಕೆ ಬರುವಂತೆ ಬಾಳೆ ಎಲೆ ಹಾಸಬೇಕು. ಮೊದಲ ಚುಕ್ಕಿ ಉಪ್ಪು, ಎಡತುದಿಯಲ್ಲಿ. ಮೇಲಿನ ಸಾಲಿನಲ್ಲಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ನಡುವೆ ಅನ್ನ, ಅದರ ಮೇಲೆ ತೊವ್ವೆ, ಮೇಲೆ ತುಪ್ಪ. ಬಡಿಸುವವರು ಬದಲಾದರೂ ಜಾಗ ಬದಲಾಗುವುದಿಲ್ಲ. ಚುಕ್ಕಿ ಇಡುವಾಕೆಗೆ ಎಳೆ ಎಲ್ಲಿ ತಿರುಗಬೇಕೆಂದು ಮೊದಲೇ ಗೊತ್ತಿರುವಂತೆ, ಬಡಿಸುವವರಿಗೂ ಯಾವ ರುಚಿ ಯಾವ ರುಚಿಯ ಪಕ್ಕ ಕೂರಬೇಕೆಂದು ಗೊತ್ತು.

ನಮ್ಮ ಸೀಮೆಯಲ್ಲಿ ಇದೇ ಭಾವ ಹೊಲಕ್ಕೂ ಹಬ್ಬಿದೆ. ಎಳ್ಳಮಾವಾಸ್ಯೆಯ ದಿನ ಬಂಡಿ ಕಟ್ಟಿಕೊಂಡು, ಈಗೀಗ ಟ್ರ್ಯಾಕ್ಟರಿನಲ್ಲಿ, ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡುಬು, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ತಾವು ಉಣ್ಣುವ ಮೊದಲು ಬೆಳೆಯ ನಡುವೆ ನಡೆಯುತ್ತ ಆ ಅಡುಗೆಯನ್ನು ನಾಲ್ಕೂ ಕಡೆ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಭೂಮಿಗೆ ಮೊದಲ ತುತ್ತು, ಹಕ್ಕಿಗೆ, ಇರುವೆಗೆ ಎರಡನೆಯದು, ಮನುಷ್ಯನಿಗೆ ಆಮೇಲೆ. ಚರಗವೆಂದರೆ ಅನ್ನದಿಂದಲೇ ಹೊಲದ ಮೇಲೆ ಬರೆದ ರಂಗೋಲಿ.

ತಮಿಳುನಾಡಿನ ಕೋಲದ ಹಿಂದೆಯೂ ಇದೇ ಅರ್ಥವಿದೆ. ಅಲ್ಲಿ ಅಕ್ಕಿ ಹಿಟ್ಟಿನಲ್ಲಿ ಬರೆದರೆ ಇರುವೆ, ಗುಬ್ಬಿಗಳಿಗೆ ಆಹಾರವಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಅಮೆರಿಕದಲ್ಲಿ ಪ್ರಾಧ್ಯಾಪಕಿಯಾಗಿರುವ ವಿಜಯಾ ನಾಗರಾಜನ್ ಕೋಲವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 2018ರಲ್ಲಿ ತಂದ ಇಂಗ್ಲಿಷ್ ಪುಸ್ತಕದ ಹೆಸರಿನ ಅರ್ಥವೇ ‘ಸಾವಿರ ಜೀವಗಳಿಗೆ ಉಣಿಸುವುದು’. ನೆಲದ ಚಿತ್ರದ ಬಗ್ಗೆ ಬರೆದ ಪುಸ್ತಕಕ್ಕೆ ಊಟದ ಹೆಸರು! ಕರ್ನಾಟಕದಲ್ಲಿ ದಿನದ ರಂಗೋಲಿಗೆ ಹೆಚ್ಚಾಗಿ ಬಳಸುವುದು ಬಿಳಿ ಕಲ್ಲಿನ ಪುಡಿ, ಅದು ಇರುವೆಗೆ ಆಹಾರವಾಗದು. ಆದರೆ ನಮ್ಮವರು ಆ ಋಣವನ್ನು ಚಿತ್ರಾಹುತಿಯಲ್ಲಿ, ಚರಗದಲ್ಲಿ ತೀರಿಸಿದರು.

ಕಲ್ಯಾಣದ ಪಾಠ

ಊಟವನ್ನೂ ಪುಡಿಯ ಚಿತ್ರವನ್ನೂ ಒಂದೇ ಗ್ರಂಥದಲ್ಲಿ ತಂದು ಕೂರಿಸಿದ ರಾಜನೊಬ್ಬ ನಮ್ಮ ಈ ಭಾಗದವನೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ನೂರು ಅಧ್ಯಾಯಗಳ ಆ ವಿಶ್ವಕೋಶದಲ್ಲಿ ಅನ್ನಭೋಗ ಎಂಬ ಭಾಗವಿದೆ. ಉದ್ದಿನ ಹಿಟ್ಟಿನ ಇಡ್ಡರಿಕೆ, ದೋಸೆ, ವಡೆ, ಮಂಡಿಗೆಗಳ ವಿವರ ಅಲ್ಲಿದೆ. ಚಿತ್ರಕಲೆಯನ್ನು ವಿವರಿಸುವಾಗ ಬಣ್ಣದ ಪುಡಿಗಳಿಂದ ನೆಲದ ಮೇಲೆ ಬರೆಯುವ ‘ಧೂಳಿಚಿತ್ರ’ವನ್ನು ಒಂದು ಪ್ರತ್ಯೇಕ ಬಗೆಯಾಗಿಯೇ ಹೆಸರಿಸಲಾಗಿದೆ. ಅದಕ್ಕೂ ಬಹಳ ಹಿಂದೆ ವಾತ್ಸ್ಯಾಯನ ಪಟ್ಟಿ ಮಾಡಿದ 64 ಕಲೆಗಳಲ್ಲಿ ಅಕ್ಕಿ ಮತ್ತು ಹೂಗಳಿಂದ ನೆಲ ಅಲಂಕರಿಸುವುದು ಒಂದಾಗಿತ್ತು. ಅಡುಗೆಯೂ ಅದೇ ಪಟ್ಟಿಯಲ್ಲಿದೆ. ಮುಂದೆ ಕೆಳದಿಯ ಬಸಪ್ಪ ನಾಯಕನ ‘ಶಿವತತ್ತ್ವರತ್ನಾಕರ’ವೂ ಪಾಕ, ಚಿತ್ರ ಎರಡಕ್ಕೂ ಜಾಗ ಕೊಟ್ಟಿತು. ಕನ್ನಡದಲ್ಲಂತೂ ಅಡುಗೆಯ ಬರವಣಿಗೆಗೆ ದೊಡ್ಡ ಪರಂಪರೆಯೇ ಇದೆ. 11ನೇ ಶತಮಾನದ ಎರಡನೇ ಚಾವುಂಡರಾಯನ ‘ಲೋಕೋಪಕಾರ’, 16ನೇ ಶತಮಾನದ ಮೂರನೇ ಮಂಗರಸನ ‘ಸೂಪಶಾಸ್ತ್ರ’ ಅದಕ್ಕೆ ಸಾಕ್ಷಿ. ಅಡುಗೆ ಕಲೆಯೇ ಎಂದು ಯಾರಾದರೂ ಅನುಮಾನದಿಂದ ಕೇಳಿದರೆ, ಕನ್ನಡ ನಾಡು ಸಾವಿರ ವರ್ಷದ ಹಿಂದೆಯೇ ಹೌದೆಂದು ಬರೆದಿಟ್ಟಿದೆ.

ಆದರೆ ಇಲ್ಲಿಯೇ ಒಂದು ಕಹಿ ಸತ್ಯವನ್ನೂ ಹೇಳಬೇಕು. ಗೆರೆ ಕರೆಯುವಂತೆಯೇ ತಡೆಯಲೂ ಬಲ್ಲದು. ಯಾವ ವರ್ಣದವರ ಎಲೆಯ ಕೆಳಗೆ ಚೌಕ ಮಂಡಲ, ಯಾರಿಗೆ ತ್ರಿಕೋನ, ಯಾರಿಗೆ ವೃತ್ತ ಎಂದು ಧರ್ಮಶಾಸ್ತ್ರದ ಗ್ರಂಥಗಳು ವಿಂಗಡಿಸಿದ್ದವು. ಯಾರು ಯಾವ ಪಂಕ್ತಿಯಲ್ಲಿ ಕೂರಬೇಕು, ಯಾರು ಹೊಸ್ತಿಲ ಆಚೆಯೇ ಉಳಿಯಬೇಕು ಎಂಬುದನ್ನು ನಿರ್ಧರಿಸಿದ್ದೂ ಗೆರೆಯೇ. ಆ ರಂಗೋಲಿ ಹಾಕಿದ ಅಂಗಳಕ್ಕೆ ಕಾಲಿಡಲಾಗದೆ ಬೀದಿಯಲ್ಲಿ ನಿಂತು ತಂಗಳು ಪಡೆದವರ ಮಕ್ಕಳು, ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ನೆಲದ ಚಿತ್ರದ ಸೊಬಗು ಹೇಳುವಾಗ ಇದನ್ನು ಮರೆತರೆ ಅದು ಪೂರ್ತಿ ಮಾತಾಗುವುದಿಲ್ಲ.

ಆ ಗೆರೆಯನ್ನು ಅಳಿಸಲು ಹೊರಟದ್ದೂ ಕಲ್ಯಾಣವೇ. ಸೋಮೇಶ್ವರ ಗ್ರಂಥ ರಚಿಸಿದ ಮೂರ್ನಾಲ್ಕು ದಶಕಗಳಲ್ಲಿ ಅದೇ ಊರಿನಲ್ಲಿ ಬಸವಣ್ಣನವರ ಮಹಾಮನೆಯ ದಾಸೋಹ ಶುರುವಾಯಿತು. ಜಾತಿ ಕೇಳದೆ, ಕಸುಬು ಕೇಳದೆ ಒಂದೇ ಸಾಲಿನಲ್ಲಿ ಕೂತು ಉಣ್ಣುವ ಪದ್ಧತಿ ಅದು. ರಾಜನ ಕಲ್ಯಾಣ ಊಟ ಹೇಗೆ ಚೆಂದವಾಗಬೇಕೆಂದು ಹೇಳಿತು. ಶರಣರ ಕಲ್ಯಾಣ ಊಟಕ್ಕೆ ಯಾರು ಕೂರಬೇಕೆಂದು ಹೇಳಿತು. ಎರಡನ್ನೂ ಕೂಡಿಸಿ ಓದಿದರೆ ಮಾತ್ರ ಈ ನೆಲದ ಊಟದ ಪಾಠ ಪೂರ್ತಿಯಾಗುತ್ತದೆ.

ಬಣ್ಣವೆಲ್ಲ ಅಡುಗೆಮನೆಯದೇ

ಕರ್ನಾಟಕದ ನೆಲ, ಗೋಡೆಗಳ ಚಿತ್ರಕಲೆಗೆ ಬಣ್ಣ ಎಲ್ಲಿಂದ ಬರುತ್ತದೆಂದು ಹುಡುಕುತ್ತ ಹೋದರೆ ಮತ್ತೆ ಅಡುಗೆಮನೆಗೇ ಬಂದು ನಿಲ್ಲುತ್ತೇವೆ. ಸಾಗರ, ಸೊರಬದ ಸುತ್ತಿನ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣಿನ ಹಿನ್ನೆಲೆ. ಬಿಳಿ ಬಣ್ಣ ನೆನೆಸಿ ಅರೆದ ಅಕ್ಕಿಯಿಂದ, ಕಪ್ಪು ಹುರಿದು ಕರಿದಾಗಿಸಿದ ಅಕ್ಕಿಯಿಂದ, ಹಳದಿ ಗುರಿಗೆ ಕಾಯಿಯಿಂದ. ಕುಂಚ ಪುಂಡಿ ನಾರಿನದು. ರಾಯಚೂರಿನವರಿಗೆ ಪುಂಡಿ ಎಂದರೆ ರೊಟ್ಟಿಯ ಜೊತೆಗಿನ ಹುಳಿ ಪಲ್ಯ. ನಾವು ತಾಟಿಗೆ ಹಾಕಿಕೊಳ್ಳುವ ಪುಂಡಿಯ ಹೆಸರು ಮಲೆನಾಡಿನ ಗೋಡೆಯ ಮೇಲೆ ಗೆರೆಯಾಗಿ ಓಡಾಡುತ್ತದೆ.

ಕರಾವಳಿಯ ನಾಗಮಂಡಲ ಆರಾಧನೆಯಲ್ಲಿ ವೈದ್ಯರೆಂದು ಕರೆಯಲಾಗುವ ಆರಾಧಕರು ನೆಲದ ಮೇಲೆ ಹೆಣೆದುಕೊಂಡ ನಾಗನ ದೊಡ್ಡ ಮಂಡಲ ಬರೆಯುತ್ತಾರೆ. ಐದು ಬಣ್ಣ. ಬಿಳಿ, ಅರಿಸಿನದ ಹಳದಿ, ಎಲೆ ಒಣಗಿಸಿ ಪುಡಿ ಮಾಡಿದ ಹಸಿರು, ಸುಟ್ಟ ಉಮಿಯ ಕಪ್ಪು. ಕೆಂಪಿಗೆ ಬೇರೆ ವಸ್ತುವೇ ಬೇಡ, ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಸಾಕು. ಅರಿಸಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಾಗಿದ ಕೂಡಲೇ ಕೆಂಪಾಗುತ್ತದೆ. ಮದುವೆಮನೆಯ ಆರತಿ ತಟ್ಟೆಯ ಓಕುಳಿ ನೀರು ಕೆಂಪಾಗುವುದೂ ಇದೇ ಕಾರಣಕ್ಕೆ. ಶಾಲೆಯ ಪ್ರಯೋಗಾಲಯ ಇದನ್ನು ಆಮ್ಲ ಕ್ಷಾರದ ಪರೀಕ್ಷೆ ಎಂದು ಕಲಿಸುವ ಮೊದಲೇ ಅಜ್ಜಿ ಕಲಿಸಿದ್ದಳು. ರಾತ್ರಿಯೆಲ್ಲ ಕುಣಿತ ಮುಗಿದ ಮೇಲೆ ಆ ಮಂಡಲವನ್ನು ಅಳಿಸಲಾಗುತ್ತದೆ.

ಅಳಿಯುವುದು ಈ ಕಲೆಯ ಸ್ವಭಾವ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ತೆಲುಗು ಶಾಸನ ಹೊತ್ತ, ಸುಮಾರು 12 ಮೀಟರ್ ಉದ್ದದ ಒಂದೇ ಬಂಡೆಯಿದೆ. ಅಂಥ ಬಂಡೆಯನ್ನು ಕೋಣಗಳು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲಿ ಕಲ್ಲಿನ ಮೇಲೆ ಗೆರೆಗಳಲ್ಲಿ ಕೊರೆದಿದ್ದಾರೆ. ಆ ಗೆರೆ ಏಳು ಶತಮಾನ ಉಳಿದು ಬಂದಿದೆ. ಅಂಗಳದ ಗೆರೆ ಮಧ್ಯಾಹ್ನದವರೆಗೂ ಉಳಿಯುವುದಿಲ್ಲ. ಅಡುಗೆಯೂ ಹಾಗೆಯೇ. ಬೆಳಿಗ್ಗೆ ಬಡಿದ ರೊಟ್ಟಿ ಮಧ್ಯಾಹ್ನಕ್ಕೆ ಖಾಲಿ. ಇವೆರಡೂ ದಿನಾ ಅಳಿದು ದಿನಾ ಹುಟ್ಟುವ ಕಲೆಗಳು. ಹಾಗಾಗಿಯೇ ಇವುಗಳನ್ನು ಮಾಡಿದವರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಚುಕ್ಕಿಯ ಲೆಕ್ಕ, ತಾಟಿನ ಲೆಕ್ಕ

ರಂಗೋಲಿಯಲ್ಲಿ ಲೆಕ್ಕವಿದೆಯೆಂದು ಹೆಣ್ಣುಮಕ್ಕಳಿಗೆ ಮೊದಲಿನಿಂದ ಗೊತ್ತು. ಗಣಿತಜ್ಞರು ಅದನ್ನು ಗಂಭೀರವಾಗಿ ತೆಗೆದುಕೊಂಡದ್ದು 1970ರ ದಶಕದಲ್ಲಿ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲಿ ಕೋಲದ ವಿನ್ಯಾಸಗಳಿಗೂ ಕಂಪ್ಯೂಟರ್ ವಿಜ್ಞಾನದ ವ್ಯಾಕರಣಗಳಿಗೂ ಇರುವ ಸಂಬಂಧವನ್ನು ಪ್ರಬಂಧವಾಗಿ ಪ್ರಕಟಿಸಿದರು. ಒಂದು ಭಾಷೆಯಲ್ಲಿ ಕೆಲವೇ ನಿಯಮಗಳಿಂದ ಎಣಿಕೆಯಿಲ್ಲದಷ್ಟು ವಾಕ್ಯ ಹುಟ್ಟುವಂತೆ, ಕೆಲವೇ ತಿರುವುಗಳಿಂದ ಎಣಿಕೆಯಿಲ್ಲದಷ್ಟು ರಂಗೋಲಿ ಹುಟ್ಟುತ್ತದೆ. ಕೈ ಎತ್ತದೆ, ಬಂದ ದಾರಿಯಲ್ಲಿ ಮತ್ತೆ ಹೋಗದೆ, ಎಲ್ಲ ಚುಕ್ಕಿಗಳನ್ನೂ ಬಳಸಿ ಹೊರಟಲ್ಲಿಗೇ ಬಂದು ಸೇರುವ ಎಳೆಯನ್ನು ನಮ್ಮ ಅಜ್ಜಿಯರು ನಿದ್ದೆಗಣ್ಣಿನಲ್ಲೂ ಎಳೆಯುತ್ತಿದ್ದರು. ಸ್ವಿಸ್ ಗಣಿತಜ್ಞ ಆಯ್ಲರ್ 1736ರಲ್ಲಿ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟುವ ಸಮಸ್ಯೆಯನ್ನು ಬಿಡಿಸಿ ಗಣಿತದ ಹೊಸ ಶಾಖೆಗೆ ಅಡಿಪಾಯ ಹಾಕಿದ. ಅಂಗಳದ ಎಳೆಯೂ ಅದೇ ಜಾತಿಯ ಸಮಸ್ಯೆ.

ಇದರಿಂದ ತಾಟಿಗೆ ಸಿಗುವ ಪಾಠ ಮೂರು. ಒಂದು, ಚುಕ್ಕಿ ಮೊದಲು, ಎಳೆ ಆಮೇಲೆ. ಅಂದರೆ ಯಾವ ರುಚಿ ಎಲ್ಲಿ ಎಂಬ ನಿರ್ಧಾರ ಬಡಿಸುವ ಮುಂಚೆಯೇ ಆಗಿರಬೇಕು. ಎರಡು, ಖಾಲಿ ಜಾಗ. ರಂಗೋಲಿಯಲ್ಲಿ ಪುಡಿ ಬೀಳದ ನೆಲವೇ ಚಿತ್ರವನ್ನು ಎತ್ತಿ ತೋರಿಸುತ್ತದೆ. ತಾಟಿನ ತುಂಬ ಗುಡ್ಡೆ ಹಾಕಿದರೆ ನಾಲಿಗೆಗೆ ದಾರಿ ಸಿಗುವುದಿಲ್ಲ. ಮೂರು, ಎಳೆ ಕೂಡಬೇಕು. ಉಪ್ಪಿನಿಂದ ಹೊರಟ ಊಟ ಸಿಹಿ ಮುಟ್ಟಿ, ಮಜ್ಜಿಗೆಯಲ್ಲಿ ತಣ್ಣಗಾಗಿ ಮುಗಿಯಬೇಕು.

ಷಿಕಾಗೊ ನಗರದ ಅಲಿನಿಯಾ ಎಂಬ ಪ್ರಸಿದ್ಧ ರೆಸ್ಟೊರೆಂಟಿನ ಬಾಣಸಿಗ ಗ್ರಾಂಟ್ ಅಕಟ್ಸ್ ಊಟದ ಕೊನೆಯ ಸಿಹಿಯನ್ನು ತಟ್ಟೆಯಲ್ಲಿ ಕೊಡದೆ, ಮೇಜಿನ ಮೇಲೆ ಹಾಳೆ ಹಾಸಿ, ಅತಿಥಿಗಳ ಕಣ್ಣೆದುರೇ ಬಣ್ಣಬಣ್ಣದ ರಸಗಳನ್ನು ಚುಕ್ಕಿ ಚುಕ್ಕಿಯಾಗಿ ಸುರಿದು, ಎಳೆ ಎಳೆದು, ಮೇಜನ್ನೇ ಚಿತ್ರವಾಗಿಸಿ ಜಗತ್ತಿನ ಗಮನ ಸೆಳೆದರು. ಅದನ್ನು ಓದಿದಾಗ ನನಗೆ ನೆನಪಾದದ್ದು ಎಲೆಯ ಮುಂದೆ ಬಗ್ಗಿ ತಾವರೆ ಬರೆಯುತ್ತಿದ್ದ ಹೆಣ್ಣುಮಕ್ಕಳು. ಉಣ್ಣುವವರ ಕಣ್ಣೆದುರು, ಉಣ್ಣುವ ಜಾಗದಲ್ಲೇ, ಉಂಡು ಮುಗಿದಾಗ ಅಳಿಯುವ ಚಿತ್ರ ಬರೆಯುವುದು ನಮ್ಮ ಮನೆಗಳಿಗೆ ಹಳೆಯ ವಿದ್ಯೆ.

ರೆಸ್ಟೊರೆಂಟಿನ ಹೊಸ್ತಿಲಲ್ಲಿ

ಕರಕುಶಲ ಕಲೆಯೊಂದನ್ನು ಊಟದ ಮನೆಯ ಆತ್ಮವಾಗಿ ಮಾಡಿಕೊಳ್ಳುವುದು ಆಗದ ಮಾತಲ್ಲ. ಬೆಂಗಳೂರಿನ ಲೀಲಾ ಪ್ಯಾಲೇಸ್‌ನಲ್ಲಿ ಆರಂಭವಾಗಿ ಲಂಡನ್ನಿಗೂ ಹೋದ ‘ಜಮಾವರ್’ ತನ್ನ ಹೆಸರನ್ನು ಕಾಶ್ಮೀರದ ನೇಯ್ಗೆಯ ಶಾಲಿನಿಂದ ಪಡೆದಿದೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ 1990ರಲ್ಲಿ ತೆರೆದ ‘ಕರಾವಳಿ’ ಇನ್ನೂ ಒಳ್ಳೆಯ ಉದಾಹರಣೆ. ಗೋವಾದಿಂದ ಕೇರಳದವರೆಗಿನ ಕಡಲತೀರದ ಮನೆಗಳಿಗೆ ಹೋಗಿ, ಅಲ್ಲಿನ ಗೃಹಿಣಿಯರ ಕೈಯಡುಗೆ ಕಲಿತು ಬಂದು ಅದರ ಮೆನು ಕಟ್ಟಲಾಯಿತು. ಹಂಚಿನ ಮಾಡಿನ ಕರಾವಳಿ ಮನೆಯ ಹಾಗೆ ಕಟ್ಟಡವೂ ರೂಪುಗೊಂಡಿತು. ಮನೆಯಿಂದ ಕಲಿತದ್ದಕ್ಕೇ ಅದು ಮೂರು ದಶಕ ದಾಟಿಯೂ ಹೆಸರು ಉಳಿಸಿಕೊಂಡಿದೆ.

ರಂಗೋಲಿಯಿಂದ ಹುಟ್ಟುವ ಊಟದ ಮನೆಯೊಂದು ಈ ಕೃಷ್ಣಾ ದಂಡೆಯಲ್ಲಿ ಎದ್ದರೆ ಹೇಗಿರಬೇಕು? ಅದಕ್ಕೆ ಬೇಕಾದದ್ದೆಲ್ಲ ಇಲ್ಲೇ ಇದೆ. ನೆಲಕ್ಕೆ ಹೊರನಾಡಿನ ಅಮೃತಶಿಲೆ ಬೇಡ, ಶಾಬಾದಿನ ಬೂದುಬಣ್ಣದ ಪರಸಿ ಸಾಕು. ಕಲಬುರಗಿ, ರಾಯಚೂರು ಕಡೆಯ ಮನೆಗಳಿಗೆಲ್ಲ ಹಾಸಿದ್ದು ಅದೇ ಕಲ್ಲು. ಬಿಳಿ ಎಳೆ ಅದರ ಮೇಲೆ ಎದ್ದು ಕಾಣುವಷ್ಟು ಬೇರೆಲ್ಲೂ ಕಾಣದು. ಅಂಟಿಸುವ ಸ್ಟಿಕ್ಕರ್ ಬೇಡ, ಪೇಂಟ್ ಬೇಡ. ಹೊಸ್ತಿಲ ರಂಗೋಲಿ ದಿನಾ ಬೆಳಿಗ್ಗೆ ಹೊಸದಾಗಿ ಹುಟ್ಟಲಿ. ಊಟದ ಹತ್ತಿರ ಬರೆಯುವುದಕ್ಕೆ ಅಂಗಡಿಯ ಬಣ್ಣದ ಪುಡಿ ತರಬಾರದು, ತಿನ್ನುವ ಪದಾರ್ಥದ ಪಕ್ಕ ಆ ರಾಸಾಯನಿಕಕ್ಕೆ ಜಾಗವಿಲ್ಲ. ಅಕ್ಕಿ ಹಿಟ್ಟು, ಜೋಳದ ಹಿಟ್ಟು, ಅರಿಸಿನ ಇದ್ದೇ ಇವೆ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಭತ್ತ ಕೊಡುತ್ತದೆ. ನಾರಾಯಣಪುರ ಬಲದಂಡೆ ಕಾಲುವೆ ಈಗ ದೇವದುರ್ಗದ ಹೊಲಗಳಿಗೂ ನೀರುಣಿಸುತ್ತದೆ. ಕಪ್ಪು ಮಣ್ಣು ಬಿಳಿಜೋಳ ಕೊಡುತ್ತದೆ.

ಇನ್ನು ತಾಟು. ರಾಯಚೂರು ಸೀಮೆಯ ಊಟದಲ್ಲೇ ಬಣ್ಣದ ಪುಡಿಗಳ ಒಂದು ಸಾಲು ಸಿದ್ಧವಾಗಿ ಕೂತಿದೆ. ಗುರೆಳ್ಳು ಹಿಂಡಿಯ ಕಪ್ಪು, ಶೇಂಗಾ ಹಿಂಡಿಯ ಕಂದು, ಪುಟಾಣಿ ಹಿಂಡಿಯ ಹಳದಿ, ಅಗಸಿ ಹಿಂಡಿಯ ಕೆಂಗಂದು, ಕೆಂಪು ಖಾರದ ಉರಿಯುವ ಕೆಂಪು. ನಡುವೆ ಜೋಳದ ರೊಟ್ಟಿ, ಹುಣ್ಣಿಮೆ ಚಂದ್ರನಂತೆ. ಒಂದು ಪಕ್ಕ ಎಣ್ಣೆಗಾಯಿ, ಇನ್ನೊಂದು ಪಕ್ಕ ಪುಂಡಿಪಲ್ಯ, ಮಡಿಕೆಕಾಳಿನ ಉಸಳಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಖಾನಾವಳಿಯಲ್ಲಿ ನಾವು ದಿನಾ ಉಣ್ಣುವ ತಾಟೇ ಇದು. ಸ್ವಲ್ಪ ಜಾಗ ಬಿಟ್ಟು, ಸ್ವಲ್ಪ ಅಕ್ಕರೆಯಿಂದ, ಚುಕ್ಕಿ ಇಟ್ಟಂತೆ ಒಂದೊಂದು ಹಿಂಡಿಯನ್ನು ಅದರದರ ಜಾಗದಲ್ಲಿ ಇಟ್ಟರೆ ಜಗತ್ತಿನ ಯಾವ ಊಟದ ಮನೆಗೂ ಇದು ಕಡಿಮೆಯಾಗದು.

ಇಷ್ಟಿದ್ದರೂ ಒಂದು ಇಲ್ಲದಿದ್ದರೆ ಎಲ್ಲವೂ ವ್ಯರ್ಥ. ಅದು ರಂಗೋಲಿ ಹಾಕುವ ಕೈಗೆ ಸಿಗಬೇಕಾದ ಮರ್ಯಾದೆ. ನಮ್ಮಲ್ಲಿ ಈ ವಿದ್ಯೆಗೆ ಹಬ್ಬದ ಸ್ಪರ್ಧೆಯಲ್ಲಿ ಒಂದು ಸ್ಟೀಲ್ ಡಬ್ಬಿ ಬಹುಮಾನ ಸಿಗುತ್ತದೆ, ಅಷ್ಟೇ. ಗೋಡೆಗೆ ವಿನ್ಯಾಸ ಬರೆದುಕೊಟ್ಟ ವಾಸ್ತುಶಿಲ್ಪಿಯ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಬಾಣಸಿಗನ ಹೆಸರು ಮೆನುವಿನ ಮೇಲಿರುತ್ತದೆ. ಸಂದು ಚುಕ್ಕಿಯ ಲೆಕ್ಕವನ್ನು ತಾಯಿಯಿಂದ ಮಗಳಿಗೆ ದಾಟಿಸಿಕೊಂಡು ಬಂದಾಕೆಯ ಹೆಸರು ಎಲ್ಲಿಯೂ ಇಲ್ಲ. ಹಿಂಡಿ ಕುಟ್ಟುವಾಕೆಯ, ರೊಟ್ಟಿ ಬಡಿಯುವಾಕೆಯ ಕಥೆಯೂ ಇದೇ.

ಆದ್ದರಿಂದ ರಂಗೋಲಿಯ ಹೆಸರಿನಲ್ಲಿ ಊಟದ ಮನೆ ಕಟ್ಟುವ ಪ್ರತಿಯೊಬ್ಬರಲ್ಲಿ ಒಂದು ವಿನಂತಿ. ವಿನ್ಯಾಸದ ಪುಸ್ತಕ ತೆರೆಯುವ ಮೊದಲು ಹತ್ತಿರದ ಓಣಿಗೆ ಹೋಗಿ ಬನ್ನಿ. ಅಂಗಳದಲ್ಲಿ ಬಗ್ಗಿ ನಿಂತ ಹೆಣ್ಣುಮಗಳನ್ನು ಕೆಲಸಕ್ಕೆ ಕರೆಯಿರಿ, ಅಡುಗೆಯವರಿಗೆ ಕೊಡುವಂತೆ ತಿಂಗಳ ಸಂಬಳ ಕೊಡಿ. ಇವತ್ತಿನ ರಂಗೋಲಿ ಯಾರದೆಂದು ಬಾಗಿಲಲ್ಲಿ ಅವರ ಹೆಸರು ಬರೆಯಿರಿ. ಹೊಸ್ತಿಲ ಗೆರೆ ಯಾರನ್ನೂ ತಡೆಯದಿರಲಿ. ಆರು ಸಾವಿರದ ಊಟದ ಪಕ್ಕದಲ್ಲಿ ಅರವತ್ತು ರೂಪಾಯಿಯ ರೊಟ್ಟಿ ಊಟವೂ ಅದೇ ಅಕ್ಕರೆಯಿಂದ ಸಿಗಲಿ.

ಓದುಗರಲ್ಲೂ ಒಂದು ಮಾತು. ನಾಳೆ ಬೆಳಿಗ್ಗೆ ನಿಮ್ಮ ಮನೆಯ ರಂಗೋಲಿ ದಾಟಿ ಹೊರಗೆ ಹೋಗುವ ಮುಂಚೆ ಒಂದು ನಿಮಿಷ ನಿಲ್ಲಿ. ಚುಕ್ಕಿ ಎಷ್ಟೆಂದು ಎಣಿಸಿ, ಹಾಕಿದವರನ್ನು ಕೇಳಿ ಎಳೆ ಎಲ್ಲಿಂದ ಶುರುವಾಯಿತೆಂದು ತಿಳಿದುಕೊಳ್ಳಿ. ಆ ಲೆಕ್ಕವನ್ನು ಮನೆಯ ಮಗಳಿಗೂ ಕಲಿಸಿ, ಮಗನಿಗೂ ಕಲಿಸಿ.